ಡಿಸ್ಕುಗಳಿಗೂ ಇನಿಷಿಯಲ್ ಬೇಕು

ರೇಡ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವವರು ಆದಾಯ ತೆರಿಗೆ ಇಲಾಖೆಯವರು. ಬೆಳಗಿನ ಜಾವ ಬಂದು ಬಾಗಿಲು ತಟ್ಟುವ ಆ ರೇಡ್ ಬೇರೆ. ಈ ವಾರ ನಾವು ನೋಡಹೊರಟಿರುವುದು ಕಂಪ್ಯೂಟರಿನ ಹೊಟ್ಟೆಯೊಳಗಿನ ರೇಡ್. ಅದರ ಕೆಲಸ ಒಳಗಿಟ್ಟದ್ದು ಕಳೆಯದಂತೆ ಕಾಯುವುದು.

ಎಂಜಿನಿಯರಿಂಗ್ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ಸಾರ್, ಲಿನಕ್ಸ್ ಯಂತ್ರದಲ್ಲಿ ಮೂರು ಹಾರ್ಡ್ ಡಿಸ್ಕು ಸೇರಿಸಿ ಒಂದು ರೇಡ್ ಮಾಡಿದೆ. ಎಂಡಿ0 ಅಂತ ಹೆಸರು ಕೊಟ್ಟೆ. ಯಂತ್ರ ಆರಿಸಿ ಮತ್ತೆ ಹಚ್ಚಿದರೆ ಎಂಡಿ127 ಅಂತ ಆಗಿ ಕೂತಿದೆ. ಸೊನ್ನೆ ಎಲ್ಲಿ, ನೂರಿಪ್ಪತ್ತೇಳು ಎಲ್ಲಿ? ನಾನೇನೂ ಮುಟ್ಟಿಲ್ಲ" ಎಂದ. ಪ್ರಶ್ನೆ ಚಿಕ್ಕದು. ಉತ್ತರ ಹೇಳಲು ಮಾತ್ರ ಸ್ವಲ್ಪ ದೂರ ನಡೆಯಬೇಕು.

ಮೊದಲು ರೇಡ್ ಎಂದರೇನು ನೋಡೋಣ. ಒಬ್ಬ ಹುಡುಗನ ಅಂಕಪಟ್ಟಿ ಇದೆ ಎಂದಿಟ್ಟುಕೊಳ್ಳಿ. ಕನ್ನಡ 78, ಇಂಗ್ಲಿಷ್ 64, ಗಣಿತ 91, ಒಟ್ಟು 233. ಮಳೆ ನೀರು ಬಿದ್ದು ಇಂಗ್ಲಿಷಿನ ಅಂಕ ಅಳಿಸಿಹೋಯಿತು. ಹೆದರಬೇಕಾಗಿಲ್ಲ. ಒಟ್ಟು ಮೊತ್ತದಿಂದ ಉಳಿದೆರಡನ್ನು ಕಳೆದರೆ 64 ತಾನಾಗಿ ಬರುತ್ತದೆ. ಒಟ್ಟು ಮೊತ್ತವೇ ಅಳಿಸಿಹೋಗಿದ್ದರೆ ಮೂರನ್ನೂ ಮತ್ತೆ ಕೂಡಿದರಾಯಿತು. ಯಾವುದಾದರೂ ಒಂದು ಅಂಕೆ ಹೋದರೆ ನಷ್ಟವಿಲ್ಲ. ಎರಡು ಹೋದರೆ ಮಾತ್ರ ಕೈಚೆಲ್ಲಬೇಕು. ರೇಡ್ 5 ಎಂಬ ವ್ಯವಸ್ಥೆಯ ಗುಟ್ಟು ಇಷ್ಟೇ. ಕಂಪ್ಯೂಟರಿನಲ್ಲಿ ಇರುವುದು 0 ಮತ್ತು 1 ಮಾತ್ರವಾದ್ದರಿಂದ ಅಲ್ಲಿ ಕೂಡುವ ಕ್ರಮ ಇನ್ನೂ ಸುಲಭ. ಸಾಲಿನಲ್ಲಿ 1ಗಳ ಸಂಖ್ಯೆ ಸಮವಾಗಿದ್ದರೆ 0, ಬೆಸವಾಗಿದ್ದರೆ 1 ಎಂದು ಬರೆದಿಟ್ಟರೆ ಮುಗಿಯಿತು. 4 ಟೆರಾಬೈಟಿನ ನಾಲ್ಕು ಡಿಸ್ಕುಗಳನ್ನು ಹೀಗೆ ಸೇರಿಸಿದರೆ ಒಂದು ಡಿಸ್ಕಿನಷ್ಟು ಜಾಗ ಈ ಲೆಕ್ಕಕ್ಕೆ ಹೋಗಿ 12 ಟೆರಾಬೈಟ್ ನಮ್ಮ ಬಳಕೆಗೆ ಉಳಿಯುತ್ತದೆ. ಅವುಗಳಲ್ಲಿ ಒಂದು ಡಿಸ್ಕು ಸತ್ತರೂ ಕೆಲಸ ನಿಲ್ಲುವುದಿಲ್ಲ. ರೇಡ್ 1 ಎಂಬುದು ಇನ್ನೂ ಸರಳ. ಒಂದರಲ್ಲಿರುವುದೆಲ್ಲ ಇನ್ನೊಂದರಲ್ಲೂ ಇರುತ್ತದೆ, ಕನ್ನಡಿ ಇದ್ದ ಹಾಗೆ.

ಈ ವಿಚಾರಕ್ಕೆ ಹೆಸರು ಬಂದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿ. ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಒಂದು ದುಬಾರಿ ದೊಡ್ಡ ಡಿಸ್ಕಿಗಿಂತ ಹಲವು ಅಗ್ಗದ ಪುಟ್ಟ ಡಿಸ್ಕುಗಳ ಗುಂಪೇ ಮೇಲು ಎಂದು ವಾದಿಸಿದರು. ರೇಡ್ ಎಂಬುದರ ನಡುವಿನ 'ಐ' ಅಕ್ಷರ ಆಗ 'ಅಗ್ಗ' ಎಂಬುದನ್ನು ಸೂಚಿಸುತ್ತಿತ್ತು. ಕಂಪನಿಗಳು ಇದನ್ನೇ ದುಬಾರಿ ಬೆಲೆಗೆ ಮಾರತೊಡಗಿದ ಮೇಲೆ 'ಅಗ್ಗ' ಎನ್ನುವುದಕ್ಕೆ ಅವರಿಗೇ ನಾಚಿಕೆಯಾಯಿತೋ ಏನೋ, ಈಗ ಅದನ್ನು 'ಸ್ವತಂತ್ರ' ಎಂದು ಬಿಡಿಸಿ ಹೇಳುತ್ತಾರೆ!

ರೇಡ್ ಲೆಕ್ಕವನ್ನು ಮಾಡಲು ಪ್ರತ್ಯೇಕ ಕಾರ್ಡು ಕೊಳ್ಳಬಹುದು. ಇಲ್ಲವೇ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಗೇ ಆ ಕೆಲಸ ವಹಿಸಬಹುದು. ಎರಡನೆಯದೇ ಸಾಫ್ಟ್‌ವೇರ್ ರೇಡ್. ಲಿನಕ್ಸಿನಲ್ಲಿ ಇದನ್ನು ನಡೆಸುವ ಭಾಗಕ್ಕೆ ಎಂಡಿ ಎಂದೂ, ಅದನ್ನು ನಾವು ಆಳುವ ಉಪಕರಣಕ್ಕೆ ಎಂಡಿ-ಆಡಮ್ ಎಂದೂ ಹೆಸರು. ಈ ಉಪಕರಣವನ್ನು 2001ರಲ್ಲಿ ಬರೆದವರು ಆಸ್ಟ್ರೇಲಿಯದ ನೀಲ್ ಬ್ರೌನ್. ಕಾರ್ಡು ಕೆಟ್ಟರೆ ಸಾಮಾನ್ಯವಾಗಿ ಅದೇ ಜಾತಿಯ ಇನ್ನೊಂದು ಕಾರ್ಡನ್ನೇ ಹುಡುಕಿಕೊಂಡು ಅಲೆಯಬೇಕು. ಸಾಫ್ಟ್‌ವೇರ್ ರೇಡ್‌ನಲ್ಲಿ ಆ ತಾಪತ್ರಯವಿಲ್ಲ. ಯಂತ್ರ ಸುಟ್ಟುಹೋದರೂ ಡಿಸ್ಕುಗಳನ್ನು ಬಿಚ್ಚಿ ಬೇರೊಂದು ಲಿನಕ್ಸ್ ಯಂತ್ರಕ್ಕೆ ಜೋಡಿಸಿದರೆ ಅದು ಓದಬಲ್ಲುದು. ನನ್ನ ಮಟ್ಟಿಗೆ ಸಾಮಾನ್ಯ ಶಾಲೆ, ಮನೆ, ಸಣ್ಣ ಕಚೇರಿಗಳಿಗೆ ಇದೇ ಒಳ್ಳೆಯದು. ಆದರೆ ಡಿಸ್ಕುಗಳು ಹೀಗೆ ಊರೂರು ತಿರುಗುವ ಸೌಲಭ್ಯ ಬಂದ ಮೇಲೆ ಒಂದು ಸಮಸ್ಯೆಯೂ ಬಂತು. ಯಾವ ಡಿಸ್ಕು ಯಾರದು?

ಡಿಸ್ಕು ಗುಂಪಿನಲ್ಲಿ ಸದಸ್ಯರು ಯಾರು ಎಂಬುದು ಮಾತ್ರವಲ್ಲ, ಯಾರು ಎಷ್ಟನೆಯ ಜಾಗದಲ್ಲಿ ಕೂರಬೇಕು ಎಂಬುದೂ ಮುಖ್ಯ. ಒಂದು ಕಡತವನ್ನು ಸಾಮಾನ್ಯವಾಗಿ 512 ಕಿಲೋಬೈಟಿನ ತುಂಡುಗಳಾಗಿ ಹೆಚ್ಚಿ, ಮೊದಲ ತುಂಡು ಒಂದು ಡಿಸ್ಕಿಗೆ, ಮುಂದಿನದು ಇನ್ನೊಂದಕ್ಕೆ ಎಂದು ಹಂಚಿರುತ್ತಾರೆ. ಆಸನಗಳು ಅದಲುಬದಲಾದರೆ ಪುಸ್ತಕದ ಹಾಳೆಗಳನ್ನು ಕಲಸಿ ಹೊಲಿದಂತಾಗುತ್ತದೆ.

ಹಿಂದೆ ಈ ಮಾಹಿತಿಯನ್ನು ಯಂತ್ರದಲ್ಲಿ ಒಂದು ಪಟ್ಟಿಯಾಗಿ ಬರೆದಿಡುತ್ತಿದ್ದರು. ಮೊದಲನೆಯದು 'ಎಸ್‌ಡಿಎ', ಎರಡನೆಯದು 'ಎಸ್‌ಡಿಬಿ', ಹೀಗೆ. ಇದರಲ್ಲಿ ಒಂದು ತೊಡಕಿದೆ. ಎ, ಬಿ, ಸಿ ಎಂಬ ಈ ಹೆಸರುಗಳು ಡಿಸ್ಕಿನ ಸ್ವಂತ ಹೆಸರುಗಳಲ್ಲ. ಯಂತ್ರ ಎಚ್ಚರವಾದಾಗ ಯಾವ ಡಿಸ್ಕು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ 'ಎ', ಆಮೇಲಿನದಕ್ಕೆ 'ಬಿ'. ಬೆಳಗಿನ ಪ್ರಾರ್ಥನೆಗೆ ಬಂದು ನಿಂತ ಕ್ರಮದಲ್ಲೇ ಮಕ್ಕಳಿಗೆ ದಿನಾ ಹೊಸ ಹಾಜರಿ ಸಂಖ್ಯೆ ಕೊಟ್ಟರೆ ಹೇಗಿದ್ದೀತು! ಒಂದು ಕೇಬಲ್ ಬದಲಾಯಿಸಿದರೆ ಸಾಕು, ನಿನ್ನೆಯ 'ಬಿ' ಇಂದು 'ಸಿ' ಆಗಬಹುದು.

ಆದ್ದರಿಂದ ಪಟ್ಟಿಯನ್ನು ಯಂತ್ರದಲ್ಲಿ ಇಡುವ ಬದಲು ಪ್ರತಿ ಡಿಸ್ಕಿನ ಮೈಮೇಲೂ ಒಂದು ಚೀಟಿ ಅಂಟಿಸುವ ಪದ್ಧತಿ ಬಂತು. ಈ ಚೀಟಿಗೆ ಸೂಪರ್‌ಬ್ಲಾಕ್ ಎಂದು ಹೆಸರು. ಹಳೆಯ 0.90 ಮಾದರಿಯಲ್ಲಿ ಇದು 4 ಕಿಲೋಬೈಟಿನಷ್ಟಿದ್ದು ಡಿಸ್ಕಿನ ಕೊನೆಯ ಹತ್ತಿರ ಇರುತ್ತಿತ್ತು. ಈಗ ಹೆಚ್ಚಾಗಿ ಬಳಕೆಯಲ್ಲಿರುವ 1.2 ಮಾದರಿಯಲ್ಲಿ ಡಿಸ್ಕಿನ ಆರಂಭದಿಂದ 4 ಕಿಲೋಬೈಟ್ ಬಿಟ್ಟು ಬರೆಯುತ್ತಾರೆ. ಚೀಟಿಯ ಮೊದಲಲ್ಲಿ ಎ92ಬಿ4ಇಎಫ್‌ಸಿ ಎಂಬ ಗುರುತಿನ ಸಂಖ್ಯೆ. ಇದು ಕಂಡರೆ 'ಓಹೋ, ಇದು ರೇಡ್ ಸದಸ್ಯ' ಎಂದು ಲಿನಕ್ಸಿಗೆ ತಿಳಿಯುತ್ತದೆ. ಆಮೇಲೆ ಗುಂಪಿನ ಯುಯುಐಡಿ, ಅಂದರೆ 128 ಬಿಟ್ಟಿನ ಒಂದು ಸಂಖ್ಯೆ. 128 ಬಿಟ್ಟುಗಳಲ್ಲಿ ಎಷ್ಟು ಬೇರೆಬೇರೆ ಸಂಖ್ಯೆ ಬರೆಯಬಹುದು ಗೊತ್ತೆ? ಸುಮಾರಾಗಿ 34ರ ಮುಂದೆ 37 ಸೊನ್ನೆ ಇಟ್ಟರೆ ಆಗುವಷ್ಟು. ಆದ್ದರಿಂದ ಎರಡು ಗುಂಪುಗಳಿಗೆ ಆಕಸ್ಮಿಕವಾಗಿ ಒಂದೇ ಸಂಖ್ಯೆ ಬೀಳುವ ಭಯವಿಲ್ಲ. ಆಮೇಲೆ ಗುಂಪಿನ ಸದಸ್ಯರೆಷ್ಟು, ಈ ಡಿಸ್ಕಿನ ಆಸನ ಯಾವುದು, ಇದುವರೆಗೆ ಎಷ್ಟು ಘಟನೆಗಳು ನಡೆದಿವೆ ಎಂಬ ಲೆಕ್ಕ. ಈ ಕೊನೆಯದು ಬಹಳ ಉಪಯುಕ್ತ. ಒಂದು ಡಿಸ್ಕು ನಡುವೆ ಕೈಕೊಟ್ಟಿದ್ದರೆ ಅದರ ಘಟನಾ ಸಂಖ್ಯೆ ಹಿಂದೆ ಬಿದ್ದಿರುತ್ತದೆ. ನಾಲ್ಕು ದಿನ ಶಾಲೆಗೆ ಬಾರದ ಹುಡುಗನ ನೋಟ್ಸ್ ನಂಬುವಂತಿಲ್ಲ ಅಲ್ಲವೆ? ಹಾಗೆಯೇ ಆ ಡಿಸ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಷ್ಟಿದ್ದರೆ ತಾನಾಗಿ ಜೋಡಣೆ ಮಾಡುವುದು ಕಷ್ಟವಲ್ಲ. ಒಂದೊಂದು ಡಿಸ್ಕು ಕಂಡಂತೆಲ್ಲ ಲಿನಕ್ಸ್ ಅದರ ಚೀಟಿ ಓದುತ್ತದೆ, ಒಂದೇ ಯುಯುಐಡಿಯವರನ್ನು ಒಂದೆಡೆ ಕೂರಿಸುತ್ತದೆ, ಎಲ್ಲರೂ ಬಂದ ಮೇಲೆ ಗುಂಪನ್ನು ಚಾಲೂ ಮಾಡುತ್ತದೆ. ಒಬ್ಬ ಬಾರದಿದ್ದರೆ? ಇಂದಿನ ಬಹುತೇಕ ಲಿನಕ್ಸ್‌ಗಳಲ್ಲಿ ಸುಮಾರು 30 ಸೆಕೆಂಡು ಕಾಯುತ್ತದೆ. ಪ್ರವಾಸದ ಬಸ್ಸು ಕೊನೆಯ ಹುಡುಗನಿಗಾಗಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಬಿಟ್ಟು ಹೊರಡುವ ಹಾಗೆ, ಉಳಿದವರಿಂದ ಕೆಲಸ ಸಾಗುವಂತಿದ್ದರೆ ಶುರುಮಾಡುತ್ತದೆ.

ಇಲ್ಲಿಯವರೆಗೆ ಒಂದೇ ಯಂತ್ರದ ಕತೆ. ಈಗ ಎರಡು ಯಂತ್ರಗಳನ್ನು ತೆಗೆದುಕೊಳ್ಳೋಣ. ಕಚೇರಿಯ ಯಂತ್ರ ಒಂದು, ಗ್ರಂಥಾಲಯದ ಯಂತ್ರ ಇನ್ನೊಂದು. ಎರಡರಲ್ಲೂ ರೇಡ್ ಇದೆ, ಎರಡಕ್ಕೂ ಅದನ್ನು ಮಾಡಿದವರು ಎಂಡಿ0 ಎಂದೇ ಹೆಸರಿಟ್ಟಿದ್ದಾರೆ. ಎಲ್ಲರೂ ಮೊದಲು ಇಡುವ ಹೆಸರು ಅದೇ ತಾನೆ. ಗ್ರಂಥಾಲಯದ ಯಂತ್ರದ ವಿದ್ಯುತ್ ಘಟಕ ಸುಟ್ಟುಹೋಯಿತು. ಪುಸ್ತಕಗಳ ಪಟ್ಟಿ ತುರ್ತಾಗಿ ಬೇಕು. ಅದರ ಡಿಸ್ಕುಗಳನ್ನು ಬಿಚ್ಚಿ ಕಚೇರಿಯ ಯಂತ್ರಕ್ಕೆ ಜೋಡಿಸಿದರು. ಯುಯುಐಡಿ ಬೇರೆಬೇರೆಯಾದ್ದರಿಂದ ಡಿಸ್ಕುಗಳು ಒಂದರ ಗುಂಪಿಗೆ ಇನ್ನೊಂದು ಸೇರುವುದಿಲ್ಲ, ನಿಜ. ಆದರೆ ಎಂಡಿ0 ಎಂಬ ಕುರ್ಚಿ ಒಂದೇ; ಕೂರಬೇಕೆನ್ನುವವರು ಇಬ್ಬರು!

ಹಳೆಯ 0.90 ಮಾದರಿಯ ಚೀಟಿಯಲ್ಲಿ 'ನನಗೆ ಈ ಸಂಖ್ಯೆ ಇಷ್ಟ' ಎಂದು ಮಾತ್ರ ಬರೆದಿರುತ್ತಿತ್ತು. ಡಿಸ್ಕಿನ ವಿಭಾಗಕ್ಕೆ 'ಎಫ್‌ಡಿ' ಎಂಬ ಗುರುತು ಹಾಕಿದ್ದರೆ ಲಿನಕ್ಸಿನ ತಿರುಳೇ ಅದನ್ನು ಎತ್ತಿಕೊಂಡು ಆ ಸಂಖ್ಯೆಯಲ್ಲಿ ಕೂರಿಸುತ್ತಿತ್ತು. ಯಾರು ಮೊದಲು ಕಂಡರೋ ಅವರಿಗೆ ಕುರ್ಚಿ. ಎರಡನೆಯವರಿಗೆ 'ಈಗಾಗಲೇ ನಡೆಯುತ್ತಿದೆ' ಎಂಬ ಒಂದು ಸಾಲಿನ ಉತ್ತರ. ಯಂತ್ರ ತನ್ನ ಮೂಲ ವ್ಯವಸ್ಥೆಯನ್ನು ಎಂಡಿ0ಯಿಂದಲೇ ಓದಿಕೊಳ್ಳುವಂತೆ ಇಟ್ಟಿದ್ದರೆ ಪರಿಣಾಮ ಊಹಿಸಿ. ಕಚೇರಿಯ ಯಂತ್ರ ಗ್ರಂಥಾಲಯದ ಡಿಸ್ಕುಗಳಿಂದ ಎದ್ದು, ತಾನೇ ಗ್ರಂಥಾಲಯವೆಂದು ಭಾವಿಸಿ ಕೆಲಸ ಶುರುಮಾಡುತ್ತದೆ. ರಾತ್ರಿ ತಾನಾಗಿ ನಡೆಯುವ ಅಳಿಸುವ, ನಕಲು ಮಾಡುವ ಕೆಲಸಗಳೂ ಆ ಹೆಸರನ್ನೇ ನಂಬಿ ನಡೆಯುತ್ತವೆ. ಒಂದು ಡಿಸ್ಕೂ ಕೆಡದೆ ದಾಖಲೆಗಳು ಹಾಳಾಗುವ ದಾರಿ ಇದು.

ನಮ್ಮ ಮನೆಗಳಲ್ಲಿ ಈ ಸಮಸ್ಯೆಗೆ ಪರಿಹಾರ ಬಹಳ ಹಿಂದೆಯೇ ಸಿಕ್ಕಿದೆ. ಮದುವೆ, ಮುಂಜಿಗೆಂದು ಅಕ್ಕಪಕ್ಕದ ಮನೆಗಳಿಂದ ಕೊಳಗ, ಬೋಸಿ, ಸೌಟು ತರುತ್ತೇವೆ. ಎಲ್ಲವೂ ಸ್ಟೀಲೇ, ಎಲ್ಲವೂ ಒಂದೇ ಆಕಾರ. ಆದರೂ ಸಂಜೆ ತೊಳೆದಿಟ್ಟ ಮೇಲೆ ಅವು ಅವರವರ ಮನೆ ಸೇರುತ್ತವೆ. ಏಕೆಂದರೆ ಅಂಚಿನಲ್ಲಿ ಯಜಮಾನರ ಹೆಸರು ಕೊರೆಸಿರುತ್ತದೆ. ಪಾತ್ರೆಯ ಮೇಲೆ 'ಕೊಳಗ' ಎಂದು ಕೊರೆಸಿದರೆ ಏನು ಪ್ರಯೋಜನ? ಯಾರ ಕೊಳಗ ಎಂಬುದು ಬೇಕು. ಮನುಷ್ಯರ ಹೆಸರಿನ ವಿಷಯದಲ್ಲೂ ಅಷ್ಟೆ. ಪುಟ್ಟಪ್ಪ ಎಂಬ ಹೆಸರಿನವರು ನಾಡಿನಲ್ಲಿ ಎಷ್ಟೋ ಮಂದಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದಾಗ ಅವರು ಕುವೆಂಪು. ಡಾ. ಎಚ್. ನರಸಿಂಹಯ್ಯನವರ 'ಎಚ್' ಗೌರಿಬಿದನೂರು ತಾಲ್ಲೂಕಿನ ಹೊಸೂರು. ಊರನ್ನು ಹೆಸರಿನ ಮುಂದೆ ಇಟ್ಟುಕೊಳ್ಳುವ ನಮ್ಮ ಈ ಇನಿಷಿಯಲ್ ಪದ್ಧತಿ ಪಾಸ್‌ಪೋರ್ಟಿನ ಅರ್ಜಿ ತುಂಬುವಾಗ ತಲೆನೋವು ಕೊಡುತ್ತದೆಂಬುದು ಬೇರೆ ಮಾತು.

2006ರಲ್ಲಿ ಎಂಡಿ-ಆಡಮ್ ಸೇರಿಸಿಕೊಂಡದ್ದು ಹೆಚ್ಚುಕಡಿಮೆ ಇದೇ ಪದ್ಧತಿಯನ್ನು. ಅದರ ಹೆಸರು ಹೋಮ್‌ಹೋಸ್ಟ್, 'ತವರು ಯಂತ್ರ' ಎನ್ನೋಣ. ಗುಂಪನ್ನು ಕಟ್ಟುವಾಗಲೇ ಅದನ್ನು ಕಟ್ಟಿದ ಯಂತ್ರದ ಹೆಸರನ್ನು ಚೀಟಿಯಲ್ಲಿ ಬರೆದುಬಿಡುತ್ತದೆ. ಹೊಸ ಮಾದರಿಯಲ್ಲಿ 'ಗ್ರಂಥಾಲಯ:ಪಟ್ಟಿ' ಎಂಬಂತೆ ಮೊದಲು ಯಂತ್ರ, ನಡುವೆ ಎರಡು ಚುಕ್ಕೆ, ಆಮೇಲೆ ಗುಂಪಿನ ಹೆಸರು. ಹಳೆಯ 0.90 ಚೀಟಿಯಲ್ಲಿ ಹೆಸರು ಬರೆಯಲು ಜಾಗವಿರಲಿಲ್ಲ. ಅದಕ್ಕಾಗಿ ಒಂದು ಜಾಣತನ ಮಾಡಿದರು. ಯಂತ್ರದ ಹೆಸರನ್ನು ಗಣಿತದ ಒಂದು ಸೂತ್ರಕ್ಕೆ ಹಾಕಿ ಅರೆದು, ಬಂದ ಸಂಖ್ಯೆಯ ಒಂದು ಭಾಗವನ್ನು ಯುಯುಐಡಿಯ ಎರಡನೆಯ ಅರ್ಧದಲ್ಲಿ ತುಂಬಿದರು. ಅದರಿಂದ ಹೆಸರನ್ನು ಮರಳಿ ಓದಲಾಗದು, ಹಿಟ್ಟಿನಿಂದ ಅಕ್ಕಿ ತೆಗೆಯಲಾಗದ ಹಾಗೆ. ಆದರೆ ನನ್ನ ಹೆಸರನ್ನೂ ಅದೇ ಸೂತ್ರಕ್ಕೆ ಹಾಕಿ 'ಇದು ನನ್ನದೇ?' ಎಂದು ತಾಳೆ ನೋಡಬಹುದು.

ಇನ್ನು ನಿಯಮ ಸುಲಭ. ಡಿಸ್ಕು ಬಂದಾಗ ಅದರ ತವರು ಯಾವುದೆಂದು ನೋಡು. ನನ್ನದೇ ಆದರೆ ಕೇಳಿದ ಹೆಸರನ್ನು ಹಾಗೇ ಕೊಡು. ಹೊರಗಿನದಾದರೆ ಜೋಡಿಸು, ಓದಲು ಬಿಡು, ಆದರೆ ಮನೆಯವರ ಹೆಸರು ಕೊಡಬೇಡ. ಅತಿಥಿ ಗುಂಪಿಗೆ ತವರಿನ ಹೆಸರನ್ನು ಸೇರಿಸಿಯೇ ಕರೆಯುತ್ತದೆ, ಇಲ್ಲವೇ ಹೆಸರಿನ ಬಾಲಕ್ಕೆ ಅಡಿಗೆರೆ ಹಾಕಿ 0 ಎಂದೋ 1 ಎಂದೋ ಹಚ್ಚುತ್ತದೆ. ಸಂಖ್ಯೆ ಕೊಡುವಾಗಲೂ 0, 1, 2 ಎಂಬ ಮುಂದಿನ ಸಾಲಿನ ಕುರ್ಚಿಗಳನ್ನು ಮುಟ್ಟುವುದಿಲ್ಲ. ಮೇಲಿನಿಂದ, ಅಂದರೆ 127ರಿಂದ ಶುರುಮಾಡಿ 126, 125 ಎಂದು ಕೆಳಗಿಳಿಯುತ್ತದೆ.

ಹುಡುಗನ ಎಂಡಿ127 ಎಲ್ಲಿಂದ ಬಂತೆಂದು ಈಗ ಗೊತ್ತಾಗಿರಬೇಕು. ಅವನ ಗುಂಪನ್ನು ಅವನ ಯಂತ್ರವೇ ಹೊರಗಿನದೆಂದು ತಿಳಿದಿದೆ! ಸ್ವಂತ ಮನೆಯಲ್ಲಿ ಅತಿಥಿಯಾಗುವುದು ಹೇಗೆ? ಯಂತ್ರ ಎಚ್ಚರವಾಗುವಾಗ ಪೂರ್ತಿ ಲಿನಕ್ಸ್ ಒಮ್ಮೆಗೇ ಏಳುವುದಿಲ್ಲ. ಮೊದಲು ಒಂದು ಕಿರು ವ್ಯವಸ್ಥೆ ಸ್ಮರಣೆಯೊಳಗೆ ಬಂದು ಕೂರುತ್ತದೆ. ಡಿಸ್ಕುಗಳನ್ನು ಹುಡುಕಿ ಜೋಡಿಸುವುದು ಅದರ ಕೆಲಸ. ಯಂತ್ರದ ಹೆಸರೋ, ಡಿಸ್ಕಿನೊಳಗಿನ ಕಡತವೊಂದರಲ್ಲಿದೆ. ಡಿಸ್ಕು ಜೋಡಿಸುವವರೆಗೆ ಹೆಸರು ತಿಳಿಯದು, ಹೆಸರು ತಿಳಿಯುವವರೆಗೆ ಇದು ನನ್ನ ಡಿಸ್ಕೇ ಎಂದು ಹೇಳಲಾಗದು. ಬೀಗದ ಕೈ ಬೀರುವಿನೊಳಗೇ ಉಳಿದ ಹಾಗೆ. ನಿದ್ದೆಗಣ್ಣಿನ ಯಂತ್ರ ತನ್ನ ಹೆಸರೇ ನೆನಪಿಲ್ಲದೆ, ಬಂದ ಗುಂಪನ್ನು ಅತಿಥಿಯೆಂದು ಭಾವಿಸಿ 127ನೆಯ ಕುರ್ಚಿ ತೋರಿಸಿದೆ. ಯಂತ್ರದ ಹೆಸರನ್ನು ಆಮೇಲೆ ಬದಲಾಯಿಸಿದ್ದರೂ, 'ಲ್ಯಾಬ್1' ಎಂಬಲ್ಲಿ ಕಾಲೇಜಿನ ಪೂರ್ಣ ವಿಳಾಸ ಸೇರಿದ ಉದ್ದ ಹೆಸರು ಬಂದಿದ್ದರೂ ಇದೇ ಆಗುತ್ತದೆ. ದತ್ತಾಂಶಕ್ಕೆ ಏನೂ ಆಗಿಲ್ಲ, ಹೆಸರಷ್ಟೇ ಬೇರೆ.

ಪರಿಹಾರವೂ ಇದೆ. ಎಂಡಿ-ಆಡಮ್‌ನ ಸಂರಚನಾ ಕಡತದಲ್ಲಿ 'ಈ ಯುಯುಐಡಿಯ ಗುಂಪಿಗೆ ಈ ಹೆಸರು' ಎಂದು ಒಂದು ಸಾಲು ಬರೆಯಬೇಕು. ಬರೆದರೆ ತವರಿನ ವಿಚಾರಣೆಯೇ ಇಲ್ಲದೆ ಆ ಹೆಸರು ಸಿಗುತ್ತದೆ. ಆದರೆ ಬಹಳ ಜನ ಇಲ್ಲಿಗೇ ನಿಲ್ಲಿಸಿ, ಮತ್ತೆ 127 ಬಂತೆಂದು ತಲೆ ಚಚ್ಚಿಕೊಳ್ಳುತ್ತಾರೆ. ಕಿರು ವ್ಯವಸ್ಥೆಯ ಬಳಿ ಇರುವುದು ಆ ಕಡತದ ಹಳೆಯ ನಕಲು. ಅದನ್ನು ಹೊಸದಾಗಿ ಕಟ್ಟಬೇಕು. ಡೆಬಿಯನ್, ಉಬುಂಟುಗಳಲ್ಲಿ ಇದಕ್ಕೊಂದು ಆದೇಶ, ಫೆಡೋರಾದಲ್ಲಿ ಇನ್ನೊಂದು. ಇದಕ್ಕಿಂತಲೂ ಉತ್ತಮ ಅಭ್ಯಾಸವೆಂದರೆ ಎಂಡಿ0, ಎಂಡಿ127 ಎಂಬ ಹೆಸರುಗಳನ್ನೇ ನೆಚ್ಚದಿರುವುದು. ಕಡತ ವ್ಯವಸ್ಥೆಗೂ ತನ್ನದೇ ಯುಯುಐಡಿ ಇರುತ್ತದೆ. ಅದನ್ನೇ ಬರೆದಿಟ್ಟರೆ ಯಾವ ಕುರ್ಚಿಯಲ್ಲಿ ಕೂತರೂ ಸರಿಯಾಗಿ ಸಿಗುತ್ತದೆ.

ಒಂದು ಕಡೆ ಈ ತವರು ಪದ್ಧತಿಯೂ ಸೋಲುತ್ತದೆ. ಪ್ರಯೋಗಾಲಯದ ನಲವತ್ತು ಯಂತ್ರಗಳಿಗೆ ಒಂದೇ ನಕಲಿನಿಂದ ಲಿನಕ್ಸ್ ತುಂಬಿ, ಎಲ್ಲಕ್ಕೂ ಒಂದೇ ಹೆಸರು ಬಿಟ್ಟಿರುತ್ತಾರೆ. ಬೀದಿಯ ಎಲ್ಲ ಪಾತ್ರೆಗಳ ಮೇಲೂ 'ರಾಮಣ್ಣ' ಎಂದು ಕೊರೆಸಿದ ಹಾಗೆ. ಫೋಟೋ ಸ್ಟುಡಿಯೋದವರೂ ಈಗೀಗ ಕೆಲವು ಮನೆಯವರೂ ಚಿತ್ರಗಳನ್ನು ಇಡಲು ಕೊಳ್ಳುವ ಸಿನಾಲಜಿ, ಕ್ಯೂನ್ಯಾಪ್ ಮುಂತಾದ ಪೆಟ್ಟಿಗೆಗಳ ಒಳಗೂ ಇರುವುದು ಲಿನಕ್ಸಿನ ಇದೇ ಎಂಡಿ. ಕಾರ್ಖಾನೆಯಿಂದ ಬಂದ ಹೆಸರನ್ನೇ ಉಳಿಸಿಕೊಂಡರೆ ಅಂಥ ಎರಡು ಪೆಟ್ಟಿಗೆಗಳ ಡಿಸ್ಕುಗಳು ಒಂದೆಡೆ ಸೇರಿದಾಗ ಹೆಸರು ನೋಡಿ ಗುರುತಿಸಲು ಬರುವುದಿಲ್ಲ. ತಂದ ದಿನವೇ ಬೇರೆ ಹೆಸರಿಡಿ. ಬಹಳ ಉದ್ದದ್ದು ಬೇಡ. ಚೀಟಿಯಲ್ಲಿ ಯಂತ್ರದ ಹೆಸರು, ಗುಂಪಿನ ಹೆಸರು ಎರಡಕ್ಕೂ ಸೇರಿ ಇರುವುದು 32 ಅಕ್ಷರಗಳ ಜಾಗ. ಅದರಲ್ಲಿ ಹಿಡಿಸದಿದ್ದರೆ ತವರಿನ ಹೆಸರನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಇನ್ನೂ ದೊಡ್ಡ ಅಪಾಯ ಹೆಸರಿನದಲ್ಲ, ಒಂದೇ ಗುಂಪು ಏಕಕಾಲದಲ್ಲಿ ಎರಡು ಯಂತ್ರಗಳಲ್ಲಿ ಬದುಕುವುದು. ಕನ್ನಡಿ ಜೋಡಿಯ ಒಂದು ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಾಕಿ ಅಲ್ಲೂ ಕೆಲಸ ಮಾಡಿದರು, ಇಲ್ಲೂ ಮಾಡಿದರು ಎನ್ನಿ. ಎರಡರ ಯುಯುಐಡಿಯೂ ಒಂದೇ. ವಾರದ ಮೇಲೆ ಮತ್ತೆ ಜೋಡಿ ಮಾಡಿಸಿದಾಗ ಒಂದನ್ನು ಅಸಲೆಂದು ಹಿಡಿದು ಅದನ್ನು ಇನ್ನೊಂದರ ಮೇಲೆ ನಕಲು ಮಾಡಲಾಗುತ್ತದೆ. ಆ ಇನ್ನೊಂದರಲ್ಲಿ ವಾರವಿಡೀ ಮಾಡಿದ್ದೆಲ್ಲ ಹೋಯಿತು. ದೊಡ್ಡ ಸಂಸ್ಥೆಗಳಲ್ಲಿ ಒಂದೇ ಡಿಸ್ಕುಗಳನ್ನು ಹಲವು ಯಂತ್ರಗಳು ಜಾಲದ ಮೂಲಕ ನೋಡುವ ಏರ್ಪಾಟಿರುತ್ತದೆ. ಅಲ್ಲಿ ತಾನಾಗಿ ಜೋಡಿಸಿಕೊಳ್ಳುವ ಸ್ವಭಾವವೇ ಶತ್ರು. ಇಬ್ಬರು ಯಜಮಾನರು ಪರಸ್ಪರ ತಿಳಿಯದೆ ಒಂದೇ ಖಾತೆ ಪುಸ್ತಕದಲ್ಲಿ ಬರೆದಂತಾಗುತ್ತದೆ. ಅಂಥಲ್ಲಿ ಸಂರಚನಾ ಕಡತದಲ್ಲಿ 'ತವರಿನವು ಮಾತ್ರ, ಬೇರೆ ಯಾವುದೂ ಬೇಡ' ಎಂದು ಬರೆದು ಕದ ಹಾಕುತ್ತಾರೆ. ನಿಜವಾಗಿಯೂ ಹಂಚಿಕೊಳ್ಳಬೇಕಾದರೆ ಯಂತ್ರಗಳು ಪರಸ್ಪರ ಬೀಗ ಕೇಳಿ ಬರೆಯುವ ಬೇರೆ ವ್ಯವಸ್ಥೆಯನ್ನು 2015ರಲ್ಲಿ ಲಿನಕ್ಸಿಗೆ ಸೇರಿಸಿದರು.

ಪೋಷಕರಿಗೆ ಎರಡು ಮಾತು. ರೇಡ್ ಇದೆಯೆಂದು ಬೇರೆ ಪ್ರತಿ ಇಟ್ಟುಕೊಳ್ಳುವುದನ್ನು ಬಿಡಬೇಡಿ. ಕನ್ನಡಿಯಲ್ಲಿ ಅಳಿಸಿದ್ದು ಎರಡೂ ಕಡೆ ಅಳಿಸುತ್ತದೆ. ಪೆಟ್ಟಿಗೆ ಕೆಟ್ಟಾಗ ರಿಪೇರಿಗೆ ಬಂದವರು 'ಹೊಸದಾಗಿ ಕ್ರಿಯೇಟ್ ಮಾಡೋಣ' ಎಂದರೆ ಕೈಹಿಡಿದು ನಿಲ್ಲಿಸಿ. 'ಅಸೆಂಬಲ್' ಎಂಬುದು ಹಳೆಯ ಚೀಟಿ ಓದಿ ಜೋಡಿಸುವ ಆದೇಶ. 'ಕ್ರಿಯೇಟ್' ಎಂಬುದು ಹಳೆಯ ಚೀಟಿಯನ್ನು ಅಳಿಸಿ ಹೊಸದನ್ನು ಬರೆಯುವ ಆದೇಶ. ಗಾಬರಿಯಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿ, ಆಸನಗಳ ಕ್ರಮವೂ ತಪ್ಪಿದರೆ ಮಗುವಿನ ಮೊದಲ ಹುಟ್ಟುಹಬ್ಬದ ಚಿತ್ರಗಳು ಮತ್ತೆ ಸಿಗುವುದು ಕಷ್ಟ. ಮೊದಲು 'ಎಕ್ಸಾಮಿನ್' ಆದೇಶದಿಂದ ಪ್ರತಿ ಡಿಸ್ಕಿನ ಚೀಟಿ ಓದಿಸಿ, ಕಾಗದದಲ್ಲಿ ಬರೆದುಕೊಳ್ಳಿ. ಬಿಚ್ಚುವಾಗ ಡಿಸ್ಕಿನ ಮೇಲೆ 1, 2, 3 ಎಂದು ನಿಜವಾದ ಚೀಟಿಯನ್ನೂ ಅಂಟಿಸಿ.

ಕೈಯಾರೆ ನೋಡಬೇಕೆನ್ನುವ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಖಾಲಿ ಪೆನ್‌ಡ್ರೈವ್ ಎರಡು, ಎಂಡಿ-ಆಡಮ್ ಇರುವ ಲಿನಕ್ಸ್ ಯಂತ್ರ ಎರಡು ಬೇಕು. ಪೆನ್‌ಡ್ರೈವಿನಲ್ಲಿದ್ದದ್ದು ಅಳಿಸಿಹೋಗುತ್ತದೆ, ಡಿಸ್ಕಿನ ಹೆಸರು ತಪ್ಪಿದರೆ ಯಂತ್ರದ್ದೇ ಅಳಿಸಬಹುದು. ಆದ್ದರಿಂದ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಯಂತ್ರದಲ್ಲಿ ಎರಡನ್ನೂ ಸೇರಿಸಿ ರೇಡ್ 1 ಮಾಡಿ, 'ಪಾಠ' ಎಂಬರ್ಥದ ಯಾವುದಾದರೂ ಚಿಕ್ಕ ಇಂಗ್ಲಿಷ್ ಹೆಸರು ಕೊಡಿ. ಸರಿಯಾಗಿ ನಿಲ್ಲಿಸಿ ಕಿತ್ತು, ಇನ್ನೊಂದು ಯಂತ್ರಕ್ಕೆ ಒಂದನ್ನು ಮಾತ್ರ ಹಾಕಿ. ಪ್ರೊಕ್ ಎಂಬ ಕಡತಕೋಶದ ಎಂಡಿಸ್ಟ್ಯಾಟ್ ಕಡತವನ್ನು ತಕ್ಷಣ ತೆರೆದರೆ ಗುಂಪು ಇನ್ನೂ 'ಇನ್‌ಆಕ್ಟಿವ್' ಎಂದಿರುತ್ತದೆ. 30 ಸೆಕೆಂಡಿನೊಳಗೆ ಎರಡನೆಯದನ್ನೂ ಹಾಕಿ. ಈಗ 'ಆಕ್ಟಿವ್', ಪಕ್ಕದ ಆವರಣದಲ್ಲಿ ಎರಡು 'ಯು' ಅಕ್ಷರ. ಒಬ್ಬ ಗೈರಾಗಿದ್ದರೆ ಅವನ ಜಾಗದಲ್ಲಿ ಅಡಿಗೆರೆ ಇರುತ್ತಿತ್ತು. ಸಂಖ್ಯೆ ಬಹುಮಟ್ಟಿಗೆ 127. ಇನ್ನು ಡೆವ್ ಕಡತಕೋಶದೊಳಗಿನ ಎಂಡಿ ಎಂಬಲ್ಲಿ ಇಣುಕಿದರೆ ನೀವು ಕೊಟ್ಟ ಹೆಸರಿನ ಹಿಂದೆ ಮೊದಲ ಯಂತ್ರದ ಹೆಸರೋ, ಮುಂದೆ ಒಂದು ಬಾಲವೋ ಸೇರಿರುತ್ತದೆ. 'ಅಸೆಂಬಲ್' ಆದೇಶದ ಜತೆಗೆ 'ಅಪ್‌ಡೇಟ್ ಹೋಮ್‌ಹೋಸ್ಟ್' ಎಂದು ಹೇಳಿ ಇನ್ನೊಮ್ಮೆ ಜೋಡಿಸಿ, ಪೆನ್‌ಡ್ರೈವುಗಳನ್ನು ಮೊದಲ ಯಂತ್ರಕ್ಕೆ ಮರಳಿ ಹಾಕಿ ನೋಡಿ. ಈಗ ಅಲ್ಲಿ ಅವು ಅತಿಥಿಗಳು.